ಲ್ಯಾಬ್ ಇಲ್ಲ, ಒಂದೇ ಕ್ಲಾಸಲ್ಲಿ 48 ಮಕ್ಕಳು. ವಿಜ್ಞಾನದಲ್ಲಿ ಕೈಯಾರೆ ಏನೇನು ಮಾಡಿಸ್ಬೋದು?

ಜಗಳೂರು ರೋಡ್ ಮಿಸ್

ಎಲ್ರಿಗೂ ನಮಸ್ಕಾರ. ದಾವಣಗೆರೆ ಹತ್ರದ ಒಂದು ಹಳ್ಳಿ ಹೈಸ್ಕೂಲಿಗೆ ಈ ವರ್ಷ ಅತಿಥಿ ಶಿಕ್ಷಕಿ ಆಗಿ ಬಂದಿದೀನಿ, 8 ಮತ್ತೆ 9ನೇ ಕ್ಲಾಸಿನ ವಿಜ್ಞಾನ ನಂದು. ಪ್ರಯೋಗಾಲಯ ಅಂತ ಬೋರ್ಡ್ ಇರೋ ರೂಮಲ್ಲಿ ಬಿಸಿಯೂಟದ ಅಕ್ಕಿ ಮೂಟೆ, ಮುರಿದ ಬೆಂಚು. ಬೀರುನಲ್ಲಿ ಒಂದಿಷ್ಟು ಟೆಸ್ಟ್ ಟ್ಯೂಬು, ಎರಡು ಲೆನ್ಸು, ಲೇಬಲ್ ಅಳಿಸಿ ಹೋಗಿರೋ ಬಾಟ್ಲಿಗಳು ಅಷ್ಟೆ. ಒಂಬತ್ತನೇ ಕ್ಲಾಸಲ್ಲಿ 48 ಜನ, ಪೀರಿಯಡ್ 40 ನಿಮಿಷ. ಚಟುವಟಿಕೆ ಮಾಡ್ಸಿ ಮಾಡ್ಸಿ ಅಂತ ಟ್ರೈನಿಂಗಲ್ಲಿ ಎಲ್ರೂ ಹೇಳ್ತಾರೆ, ಯೂಟ್ಯೂಬ್ ನೋಡಿದ್ರೆ ಎಲ್ಲದಕ್ಕೂ ಒಂದು ಗ್ಲೂ ಗನ್ನು, ಒಂದು ಮೋಟ್ರು, ಬಣ್ಣದ ಫೋಮ್ ಶೀಟು ಬೇಕು. ನಮ್ಮೂರಲ್ಲಿ ಇರೋದು ಕಿರಾಣಿ ಅಂಗಡಿ ಮತ್ತೆ ಗೊಬ್ಬರದ ಅಂಗಡಿ ಎರಡೇ. ಇಲ್ಲಿ ಪಾಠ ಮಾಡೋ ಸರ್ ಮೇಡಂಗಳು ತುಂಬಾ ಜನ ಇದೀರಿ, ನಿಮ್ಮ ಕ್ಲಾಸಲ್ಲಿ ನಿಜವಾಗ್ಲೂ ನಡೆದಿರೋದನ್ನ ಹೇಳಿ. ಮಕ್ಕಳು ಒಂದ್ಸಲ ಚಪ್ಪಾಳೆ ಹೊಡೆದು ಮರೆತುಬಿಡೋ ಥರದ್ದು ಬೇಡ.

ಅಡಿಕೆ ಸೀಮೆ

ಮಿಸ್, ಗೊಬ್ಬರದ ಅಂಗಡಿ ಐತೆ ಅಂದ್ರಲ್ಲ ಅಷ್ಟು ಸಾಕು. ನಾನು ಚನ್ನಗಿರಿ ಕಡೆಯೋನು, ಮೇಷ್ಟ್ರಲ್ಲ, ತೋಟ ಮಾಡ್ಕೊಂಡು ಇದೀನಿ, ಬಿಎಸ್ಸಿ ಓದಿದ್ದೆ. ಅಡಿಕೆಗೆ ಕೊಳೆರೋಗ ಬರಬಾರ್ದು ಅಂತ ಮಳೆಗಾಲ ಹಿಡಿಯೋ ಮುಂಚೆ ಬೋರ್ಡೋ ದ್ರಾವಣ ಹೊಡಿತೀವಲ್ಲ, ಅದರಲ್ಲೇ ನಿಮ್ಮ ಸ್ಥಾನಪಲ್ಲಟ ಕ್ರಿಯೆ ಪೂರ್ತಿ ಕೂತೈತೆ. ಒಂದು ಪರ್ಸೆಂಟ್ ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಅದೇ ತಾಮ್ರದ ಸಲ್ಫೇಟ್) 1 ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡ್ಸೋದು. ಸುಣ್ಣ ಹಳೇದಾಗಿದ್ರೆ ಸತ್ವ ಇರಲ್ಲ, ಮೈಲುತುತ್ತ ಉಳ್ಕೊಂಡು ಎಲೆ ಸುಡ್ತತೆ. ಅದಕ್ಕೆ ನಮ್ಮಲ್ಲಿ ಪರೀಕ್ಷೆ ಏನಪ್ಪ ಅಂದ್ರೆ, ಕುಡುಗೋಲು ಚೆನ್ನಾಗಿ ಉಜ್ಜಿ ದ್ರಾವಣದಲ್ಲಿ ಅದ್ದಿ ತೆಗಿಯೋದು. ಅಲಗಿನ ಮೇಲೆ ಕೆಂಪಗೆ ತುಕ್ಕಿನ ಥರ ಕೂತ್ಕೊಂಡ್ರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ನಮ್ಮಪ್ಪ ಅಕ್ಷರ ಕಲಿತೋರಲ್ಲ, ಅವರೂ ಹಿಂಗೇ ನೋಡೋರು.

ಆ ಕೆಂಪು ತುಕ್ಕಲ್ಲ, ತಾಮ್ರ. ಕಬ್ಬಿಣ ಹೋಗಿ ದ್ರಾವಣಕ್ಕೆ ಸೇರ್ಕೊಂಡು ತಾಮ್ರನ ಹೊರಗೆ ತಳ್ಳೈತೆ. ಟೆಕ್ಸ್ಟ್ ಬುಕ್ಕಲ್ಲಿ ಮೊಳೆ ಮತ್ತೆ ತಾಮ್ರದ ಸಲ್ಫೇಟ್ ಅಂತ ಇರೋದು ಇದೇ. ಮೈಲುತುತ್ತ ಬರೇ ನೀರಲ್ಲಿ ಕರಗಿಸಿದ್ದು ಒಂದು ಲೋಟ, ಸುಣ್ಣ ಅರ್ಧಂಬರ್ಧ ಹಾಕಿದ್ದು ಒಂದು, ಸರಿಯಾಗಿ ಹಾಕಿದ್ದು ಒಂದು ಇಟ್ಟು, ಉಪ್ಪು ಕಾಗದದಲ್ಲಿ ಉಜ್ಜಿದ ಮೊಳೆ ಮೂರರಲ್ಲೂ ಬಿಡ್ರಿ. ಯಾವ ಮೊಳೆ ಕೆಂಪಾಗ್ತತೆ ಅಂತ ಮೊದ್ಲೇ ಕೇಳ್ರಿ. ತೋಟದ ಮನೆ ಹುಡುಗ್ರು ತಟ್ಟನೆ ಹೇಳ್ತಾರೆ, ಅವತ್ತು ಅವರೇ ಮೇಷ್ಟ್ರು. ಬೋರ್ಡೋನ ತಗಡಿನ ಬಕೆಟ್ಟಲ್ಲಿ ಕಲಿಸ್ಬೇಡಿ, ಪ್ಲಾಸ್ಟಿಕ್ ಡ್ರಮ್ಮಲ್ಲೇ ಕಲಿಸಿ ಅಂತ ಯಾಕೆ ಹೇಳ್ತಾರೆ ಅನ್ನೋದು ಮುಂದಿನ ಪ್ರಶ್ನೆ. ಅದಕ್ಕೂ ಉತ್ತರ ಇದೇ ಮೊಳೆಲಿ ಐತೆ.

ಜಗಳೂರು ರೋಡ್ ಮಿಸ್

ಸರ್ ಸೂಪರ್. ಪುಸ್ತಕದ ಮೊಳೆಗಿಂತ ಕುಡುಗೋಲು ಚೆನ್ನಾಗಿದೆ. ಆದ್ರೆ ಮೈಲುತುತ್ತ ವಿಷ ಅಲ್ವಾ, ಮಕ್ಕಳ ಕೈಗೆ ಕೊಡೋದಾ? ಉಳಿದ ನೀರು ಎಲ್ಲಿ ಚೆಲ್ಲೋದು?

ಅಡಿಕೆ ಸೀಮೆ

ಕರಗಿಸೋದು ನೀವೇ ಮಾಡ್ರಿ, ಮಕ್ಕಳು ಮೊಳೆ ದಾರಕ್ಕೆ ಕಟ್ಟಿ ಇಳಿಬಿಟ್ರೆ ಸಾಕು, ಆಮೇಲೆ ಸೋಪಲ್ಲಿ ಕೈ ತೊಳೆಸ್ರಿ. ಊಟದ ಬೆಲ್ಲಿಗೆ ಮುಂಚಿನ ಪೀರಿಯಡ್ಡಲ್ಲಿ ಬೇಡ, ಕುಡಿಯೋ ಲೋಟ ಅಂತೂ ಬೇಡವೇ ಬೇಡ. ಒಂದು ಲೋಟಕ್ಕೆ ಅರ್ಧ ಟೀ ಸ್ಪೂನು ಧಾರಾಳ ಆಯ್ತು. ಉಳಿದಿದ್ದನ್ನ ಕೆರೆಗೆ ಚರಂಡಿಗೆ ಬಿಡಬ್ಯಾಡ್ರಿ, ಮೀನಿಗೆ ಆಗಲ್ಲ. ಹಳೇ ಮೊಳೆ ಕಬ್ಬಿಣದ ಚೂರು ಜಾಸ್ತಿ ಹಾಕಿ ಒಂದೆರಡು ದಿನ ಬಿಟ್ರೆ ನೀಲಿ ಪೂರ್ತಿ ಹೋಗ್ತತೆ, ತಾಮ್ರ ಕೆಳಗೆ ಕೂತ್ಕೊಂತತೆ. ಅದೂ ಒಂದು ಪಾಠನೇ. ಇನ್ನೊಂದು, ಈಗಿನ ಸ್ಟೀಲ್ ಚಾಕುಲಿ ಮಾಡಿದ್ರೆ ಏನೂ ಕಾಣಲ್ಲ ಅಂತ ಬೈಕೋಬ್ಯಾಡ್ರಿ, ಹಳೇ ಕಬ್ಬಿಣದ್ದೇ ಬೇಕು.

ಸಿಲಬಸ್ ಮೊದ್ಲು

ಎಲ್ಲಾ ಸರಿ ಆದ್ರೆ ಯಾರೂ ನಿಜ ಮಾತಾಡ್ತಿಲ್ಲ. ಹತ್ತನೇ ಕ್ಲಾಸಿಗೆ 80 ಅಂಕ ಬರೆಯೋ ಪರೀಕ್ಷೆ, 20 ಆಂತರಿಕ, ಆ 20 ಹೆಂಗೆ ಬೀಳ್ತತೆ ಅಂತ ಎಲ್ರಿಗೂ ಗೊತ್ತು. ರಿಸಲ್ಟ್ ಕಮ್ಮಿ ಆದ್ರೆ ನೋಟಿಸ್ ಬರೋದು ನಮಗೆ, ಮೊಳೆಗಲ್ಲ. ಒಂದು ಚಟುವಟಿಕೆ ಅಂದ್ರೆ ಸಾಮಾನು ಹಂಚೋಕೆ ಹತ್ತು ನಿಮಿಷ, ಗಲಾಟೆ ನಿಲ್ಸೋಕೆ ಹತ್ತು, ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತ್ಕೊಂಡು ಗುರಾಯಿಸೋಕೆ ಐದು, ಉಳಿದಿದ್ರಲ್ಲಿ ಪ್ರಯೋಗ. ನಾನು ಡೆಮೋ ಮಾತ್ರ ಮಾಡ್ತೀನಿ, ಟೇಬಲ್ ಮೇಲೆ ನಾನೇ ಮಾಡಿ ತೋರಿಸ್ತೀನಿ, ಬೋರ್ಡ್ ಮೇಲೆ ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ತೀರ್ಮಾನ ಬರೆಸ್ತೀನಿ, ಹದಿನೈದು ನಿಮಿಷಕ್ಕೆ ಮುಗಿತು. ಮಿಸ್, ಹೊಸಬರು ಅದಕ್ಕೆ ಹೇಳ್ತಿದೀನಿ ಬೇಜಾರ್ ಮಾಡ್ಕೋಬೇಡಿ, ಮೊದ್ಲು ಪೋರ್ಷನ್ ಮುಗಿಸ್ರಿ.

ಕೋಟೆ ಮೇಷ್ಟ್ರು

ಸಿಲಬಸ್ ಸರ್ ಹೇಳಿದ್ರಲ್ಲಿ ಅರ್ಧ ಒಪ್ತೀನಿ. ಸಮಯ ನಿಜವಾಗ್ಲೂ ಇಲ್ಲ. ಚಿತ್ರದುರ್ಗದಲ್ಲಿ ನನ್ನ ಸರ್ವಿಸ್ ಪೂರ್ತಿ ಹಿಂಗೇ ಕಳೀತು, ಈಗ ರಿಟೈರ್ ಹತ್ರ ಬಂದಿದೀನಿ. ಆದ್ರೆ ಡೆಮೋ ಆಗ್ಲಿ ಚಟುವಟಿಕೆ ಆಗ್ಲಿ, ಕೆಲಸ ಕೆಡೋದು ಒಂದೇ ಜಾಗದಲ್ಲಿ. ನಾವು ತೀರ್ಮಾನನ ಮೊದ್ಲೇ ಹೇಳಿಬಿಟ್ಟಿರ್ತೀವಿ. ಆಮೇಲೆ ಮಗು ನೋಡೋದು ಪ್ರಯೋಗನಲ್ಲ, ಮೇಷ್ಟ್ರು ಹೇಳಿದ್ದು ಆಯ್ತಾ ಇಲ್ವಾ ಅಂತ. ಆಗ್ಲಿಲ್ಲ ಅಂದ್ರೂ ಆಯ್ತು ಅಂತ ಬರೀತದೆ!

ನಾನು ಮಾಡೋದು ಇಷ್ಟೆ. ಸಾಮಾನು ಮುಟ್ಟೋ ಮುಂಚೆ ಪ್ರತಿಯೊಬ್ರೂ ನೋಟ್ಸಲ್ಲಿ ಒಂದು ಸಾಲು ಬರೀಬೇಕು, ಏನಾಗುತ್ತೆ, ಯಾಕೆ. ಬರೆದಿದ್ದನ್ನ ಅಳಿಸಂಗಿಲ್ಲ, ಪೆನ್ನಲ್ಲೇ ಬರೀಬೇಕು, ಪೆನ್ಸಿಲ್ ಕೊಟ್ರೆ ಆಮೇಲೆ ಎಲ್ಲರ ಊಹೆನೂ ಸರಿಯಾಗೇ ಇರುತ್ತೆ. ಕೈ ಎತ್ತಿಸಿ ಬೋರ್ಡ್ ಮೇಲೆ ಲೆಕ್ಕ ಹಾಕ್ತೀನಿ, ಇಷ್ಟು ಜನ ಹಿಂಗಂದ್ರು ಇಷ್ಟು ಜನ ಹಂಗಂದ್ರು. ಆಮೇಲೆ ಪ್ರಯೋಗ. ಊಹೆ ತಪ್ಪಾದವರೇ ಜಾಸ್ತಿ ಮಾತಾಡ್ತಾರೆ, ಅದೇ ನಮಗೆ ಬೇಕಾಗಿರೋದು. ಡೆಮೋಗೂ ಇದು ನಡೆಯುತ್ತೆ, ಒಂದು ಪೈಸೆ ಖರ್ಚಿಲ್ಲ, ಐದು ನಿಮಿಷ ಜಾಸ್ತಿ ಹಿಡಿಯುತ್ತೆ.

ಇದಕ್ಕೆ ಶುರುಗೆ ಒಳ್ಳೇದು ಅಂದ್ರೆ ಮೇಣದಬತ್ತಿ. ತಟ್ಟೆಲಿ ನೀರು, ನಡುವೆ ಉರಿಯೋ ಬತ್ತಿ, ಮೇಲೆ ಗಾಜಿನ ಲೋಟ ಕವಚಿ. ಬತ್ತಿ ಆರುತ್ತೆ, ನೀರು ಒಳಗೆ ಏರುತ್ತೆ. ಯಾಕೆ? ಮೊದ್ಲು ನಮ್ಮ ಸಿಲಬಸ್ ಸರ್ ಉತ್ತರ ಹೇಳ್ಲಿ.

ಸಿಲಬಸ್ ಮೊದ್ಲು

ಇದರಲ್ಲಿ ಹೇಳೋದೇನಿದೆ ಸರ್. ಗಾಳಿಲಿ ಐದನೇ ಒಂದು ಭಾಗ ಆಕ್ಸಿಜನ್. ಬತ್ತಿ ಉರಿದು ಆಕ್ಸಿಜನ್ ಖಾಲಿ ಆಗ್ತತೆ, ಆ ಜಾಗಕ್ಕೆ ನೀರು ಬರ್ತತೆ. ನೀರೂ ಸುಮಾರು ಐದನೇ ಒಂದು ಭಾಗನೇ ಏರ್ತತೆ. ಎಲ್ಲಾ ಗೈಡಲ್ಲೂ ಇದೆ.

ಪಿಯು ಫಿಸಿಕ್ಸ್

ಗೈಡಲ್ಲಿ ಇದೆ ಅನ್ನೋದೇ ತೊಂದ್ರೆ ಸರ್ 🙂 ಕೋಟೆ ಮೇಷ್ಟ್ರು ಬೇಕಂತಲೇ ನಿಮ್ಮನ್ನ ಎಳೆದ್ರು ಅನ್ಸತ್ತೆ.

ಹಿಂಗೆ ಯೋಚ್ನೆ ಮಾಡಿ. ಆಕ್ಸಿಜನ್ ಖಾಲಿ ಆಗೋದ್ರಿಂದಲೇ ನೀರು ಏರೋದಾದ್ರೆ, ಬತ್ತಿ ಉರೀತಾ ಉರೀತಾ ನೀರೂ ನಿಧಾನಕ್ಕೆ ಏರ್ತಾ ಹೋಗ್ಬೇಕು. ಹಂಗಾಗಲ್ಲ. ಉರಿಯೋವಾಗ ಹೆಚ್ಚುಕಮ್ಮಿ ಸುಮ್ನೆ ಇರತ್ತೆ, ಆರಿದ ಮೇಲೆ ದಬದಬ ಏರತ್ತೆ. ಎರಡನೇದು, ಅದೇ ಲೋಟಕ್ಕೆ ಮೂರು ಬತ್ತಿ ಹಚ್ಚಿಡಿ. ಲೋಟದೊಳಗೆ ಇರೋ ಆಕ್ಸಿಜನ್ ಅಷ್ಟೇ ಅಲ್ವಾ, ಹಾಗಾಗಿ ನೀರೂ ಅಷ್ಟೇ ಏರ್ಬೇಕು. ಮಾಡಿ ನೋಡಿ, ಜಾಸ್ತಿ ಏರತ್ತೆ. ಮೂರನೇದು, ತಟ್ಟೆ ನೀರಿಗೆ ಚೂರು ಸೋಪು ಹಾಕಿ, ಲೋಟ ಕವಚೋವಾಗ ಅಂಚಲ್ಲಿ ಗುಳ್ಳೆ ಬರೋದು ಕಾಣತ್ತೆ. ಅಂದ್ರೆ ಬತ್ತಿ ಬಿಸಿಗೆ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗಿಬಿಟ್ಟಿದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗತ್ತೆ, ಹೊರಗಿನ ಗಾಳಿ ಒತ್ತಡ ನೀರನ್ನ ಒಳಗೆ ತಳ್ಳತ್ತೆ. ಬತ್ತಿ ಆರೋವಾಗ ಆಕ್ಸಿಜನ್ ಪೂರ್ತಿ ಖಾಲಿನೂ ಆಗಿರಲ್ಲ, ಸಾಕಷ್ಟು ಉಳಿದಿರತ್ತೆ. ಮತ್ತೆ ಉರಿದ ಆಕ್ಸಿಜನ್ ಮಾಯ ಆಗಲ್ಲ, ಕಾರ್ಬನ್ ಡೈಆಕ್ಸೈಡು ನೀರಾವಿ ಆಗಿ ಅಲ್ಲೇ ಇರತ್ತೆ.

ಐದನೇ ಒಂದು ಭಾಗ ನಿಜವಾಗ್ಲೂ ತೋರಿಸ್ಬೇಕು ಅಂದ್ರೆ ಬತ್ತಿ ಬೇಡ, ತುಕ್ಕು ಬೇಕು. ಸ್ಟೀಲ್ ವುಲ್ ಅಂತ ಬರತ್ತಲ್ಲ ತೆಳು ಕಬ್ಬಿಣದ ನಾರು, ವಿನೆಗರಲ್ಲಿ ಅದ್ದಿ ಹಿಂಡಿ ಟೆಸ್ಟ್ ಟ್ಯೂಬಿನ ತಳಕ್ಕೆ ತುರುಕಿ, ನೀರಲ್ಲಿ ಬೋರಲು ಹಾಕಿ ಒಂದು ರಾತ್ರಿ ಬಿಡಿ. ತುಕ್ಕು ಆಕ್ಸಿಜನ್ನನ್ನ ಹಿಡ್ಕೊಂಡು ಘನ ಆಗತ್ತೆ, ಬಿಸಿಯ ಗೊಂದಲ ಇಲ್ಲ, ನೀರು ಸುಮಾರು ಐದನೇ ಒಂದು ಭಾಗ ಏರಿ ನಿಲ್ಲತ್ತೆ. ಪಾತ್ರೆ ತಿಕ್ಕೋ ಹೊಳೆಯೋ ಸ್ಕ್ರಬ್ಬರ್ ತರಬೇಡಿ, ಅದು ತುಕ್ಕು ಹಿಡಿಯಲ್ಲ.

ಸಿಲಬಸ್ ಮೊದ್ಲು

ರಾತ್ರಿ ಮನೇಲಿ ಮಾಡಿದೆ, ನನ್ನ ಮಗಳೇ ಬತ್ತಿ ಹಚ್ಚಿದ್ದು. ಮೂರು ಬತ್ತಿಗೆ ನೀರು ಜಾಸ್ತಿನೇ ಏರ್ತು. ಸರಿ. ಆದ್ರೆ ಪರೀಕ್ಷೆಲಿ ಪ್ರಶ್ನೆ ಬಂದ್ರೆ ಮಕ್ಕಳು ಏನು ಬರೀಬೇಕು ಅದನ್ನ ಹೇಳ್ರಿ. ಮೌಲ್ಯಮಾಪನ ಮಾಡೋರ ಕೈಲಿ ಕೀ ಆನ್ಸರ್ ಇರ್ತತೆ, ಮೂರು ಬತ್ತಿ ಇರಲ್ಲ.

ಕೋಟೆ ಮೇಷ್ಟ್ರು

ಈ ಪ್ರಶ್ನೆ ಹಳೇದು ಸರ್, ನ್ಯಾಯವಾದದ್ದೂ ಹೌದು. ಮಧ್ಯಪ್ರದೇಶದ ಹೋಶಂಗಾಬಾದಲ್ಲಿ 1972ರಲ್ಲಿ 16 ಸರ್ಕಾರಿ ಶಾಲೆಗಳಲ್ಲಿ ಪ್ರಯೋಗ ಮಾಡ್ಕೊಂಡೇ ವಿಜ್ಞಾನ ಕಲಿಸೋ ಕಾರ್ಯಕ್ರಮ ಶುರು ಮಾಡಿದ್ರು, ಆಮೇಲೆ ಜಿಲ್ಲೆ ಪೂರ್ತಿ ಹಬ್ಬಿತು. ಅವರು ಮೊದ್ಲು ಅರ್ಥ ಮಾಡ್ಕೊಂಡಿದ್ದೇ ಪರೀಕ್ಷೆ ಬದಲಾಗದೆ ಪಾಠ ಬದಲಾಗಲ್ಲ ಅಂತ. ಪುಸ್ತಕ ತೆರೆದಿಟ್ಕೊಂಡು ಬರೆಯೋ ಪರೀಕ್ಷೆ, ಜೊತೆಗೆ ಪ್ರಾಯೋಗಿಕ ಪರೀಕ್ಷೆ ಇಟ್ಟಿದ್ರು. 2002ರಲ್ಲಿ ಸರ್ಕಾರ ನಿಲ್ಲಿಸ್ತು, ಅದು ಬೇರೆ ಕಥೆ. ಸೈಕಲ್ ವಾಲ್ವ್ ಟ್ಯೂಬು ಬೆಂಕಿಕಡ್ಡಿ ಸೇರ್ಸಿ ಆಕೃತಿ ಮಾಡಿಸ್ತೀವಲ್ಲ, ಆಟಿಕೆ ಮಾಡಿ ವಿಜ್ಞಾನ ಕಲಿಸೋ ಅರವಿಂದ ಗುಪ್ತ ಅವರಿಗೆ ಅದು ಹೊಳೆದಿದ್ದು ಅಲ್ಲೇ. ನಮ್ಮ ಕೈಲಿ ಬೋರ್ಡ್ ಪರೀಕ್ಷೆ ಇಲ್ಲ, ಆದ್ರೆ 8, 9ರ ಯೂನಿಟ್ ಟೆಸ್ಟ್ ಪೇಪರು ನಾವೇ ತಾನೇ ತೆಗೆಯೋದು? ಅದರಲ್ಲಿ ಒಂದು ಪ್ರಶ್ನೆ ಹಾಕಿ, "ಮೂರು ಬತ್ತಿ ಇಟ್ಟರೆ ಏನಾಗುತ್ತದೆ, ಕಾರಣ ಕೊಡಿ" ಅಂತ. ಅಷ್ಟಕ್ಕೆ ಯಾರ ಪರ್ಮಿಷನ್ನೂ ಬೇಡ.

ಮಿಸ್, ಮರೆತಿದ್ದೆ, ಲೇಬಲ್ ಇಲ್ಲದ ಬಾಟ್ಲಿ ಅಂದ್ರಲ್ಲ, ಅದನ್ನ ತೆಗೆದು ಮೂಸಿ ನೋಡೋಕೆ ಹೋಗ್ಬೇಡಿ, ಎಚ್ಎಂ ಗಮನಕ್ಕೆ ತಂದು ಬೇರೆ ಕಡೆ ಬೀಗ ಹಾಕಿಡಿ. ಮುಂದೆ ಯಾವಾಗ್ಲಾದ್ರೂ ಆಸಿಡ್ ತೆಳು ಮಾಡೋದು ಬಂದ್ರೆ ನೀರಿಗೆ ಆಸಿಡ್ಡು, ಆಸಿಡ್ಡಿಗೆ ನೀರಲ್ಲ.

ಎರೆಭೂಮಿ

ಹರಿಹರ ಕಡೆಯಿಂದ ನಂದೊಂದು. ಎಂಟನೇ ಕ್ಲಾಸಿನ ಬೆಳೆ ಪಾಠ ಬಂದಾಗ ಮಣ್ಣು ತರಿಸ್ತೀನಿ. ನಮ್ಮ ಕಡೆ ಎರೆಮಣ್ಣು, ಅಂದ್ರೆ ಕಪ್ಪು ಮಣ್ಣು, ಚಿತ್ರದುರ್ಗದ ಕಡೆ ನೆಂಟರಿರೋ ಮಕ್ಕಳು ಕೆಂಪು ಮಣ್ಣು ತರ್ತಾರೆ, ಮರಳು ಯಾರಾದ್ರೂ ಮನೆ ಕಟ್ಸೋರ ಹತ್ರ. ಲೀಟರ್ ನೀರಿನ ಬಾಟ್ಲಿ ನಡುವೆ ಕತ್ತರಿಸಿ, ಕತ್ತಿನ ಭಾಗ ಬೋರಲು ಮಾಡಿ ಬಾಯಿಗೆ ಹಳೇ ಬಟ್ಟೆ ಕಟ್ಟಿ ಕೆಳಗಿನ ಭಾಗದ ಮೇಲೆ ಕೂರಿಸೋದು. ಮಣ್ಣು ಸಮ ಎತ್ತರಕ್ಕೆ ತುಂಬಿ 200 ಎಂಎಲ್ ನೀರು ಹಾಕಿ ಮೊಬೈಲಲ್ಲಿ ಟೈಮ್ ನೋಡೋದು, ನೀರಿನ ಎಂಎಲ್ ನಿಮಿಷಕ್ಕೆ ಭಾಗಿಸಿದ್ರೆ ಇಂಗುವ ದರ ಬಂತು.

ಮಜಾ ಇರೋದು ಎರೆಮಣ್ಣಲ್ಲಿ. ಎಲ್ರೂ ಬರೆದಿರ್ತಾರೆ, ಎರೆ ನೀರು ಹಿಡಿತತೆ, ನಿಧಾನ ಇಳಿತತೆ ಅಂತ. ಒಣಗಿದ ಹೆಂಟೆ ಹಂಗಂಗೇ ತುಂಬಿದ್ರೆ ಮೊದಲನೇ ಸಲ ನೀರು ಸರ್ರಂತ ಕೆಳಗೆ ಬಂದುಬಿಡ್ತತೆ, ಹುಡುಗ್ರು ಎಲ್ಲಾ ಕಂಗಾಲು. ಅದೇ ಬಾಟ್ಲಿಗೆ ಮತ್ತೆ 200 ಎಂಎಲ್ ಹಾಕಿ, ಆಗ ನಿಂತೇ ಬಿಡ್ತತೆ, ಬೆಲ್ ಹೊಡೆದ್ರೂ ಹನಿ ಬೀಳಲ್ಲ. ಯಾಕೆ ಅಂತ ನಾನು ಹೇಳಕ್ಕೆ ಹೋಗಲ್ಲ, ಬೇಸಿಗೇಲಿ ನಿಮ್ಮ ಹೊಲ ನೋಡಿದೀರಾ ಅಂತ ಕೇಳ್ತೀನಿ ಅಷ್ಟೆ. ಬಿರುಕು ಬಿಟ್ಟಿರ್ತತೆ ಸಾರ್, ಕಾಲು ಸಿಕ್ಕೊಂತತೆ ಸಾರ್, ಮೊದಲ ಮಳೆ ನೀರೆಲ್ಲಾ ಬಿರುಕಿಗೆ ಹೋಗ್ತತೆ, ಆಮೇಲೆ ಮಣ್ಣು ಉಬ್ಬಿ ಮುಚ್ಕೊಂತತೆ ಸಾರ್ ಅಂತ ಹಿಂದಿನ ಬೆಂಚಿಂದ ಬರ್ತತೆ. ಯಾವತ್ತೂ ಬಾಯಿ ಬಿಡದಿರೋ ಹುಡುಗ ಅವನು. ಕೆಂಪು ಮಣ್ಣಲ್ಲಿ ಕೃಷಿ ಹೊಂಡ ತೆಗೆದ್ರೆ ಪ್ಲಾಸ್ಟಿಕ್ ಹಾಳೆ ಯಾಕೆ ಹಾಸ್ತಾರೆ ಅನ್ನೋದೂ ಅಲ್ಲೇ ಬಗೆಹರೀತು. ಗುಂಪಿಗೊಂದು ಬಾಟ್ಲಿ, ಖರ್ಚು ಸೊನ್ನೆ, ಆದ್ರೆ ಕ್ಲಾಸ್ ರೂಮಲ್ಲಿ ಮಾಡಬ್ಯಾಡ್ರಿ, ಗುಡಿಸೋರು ಬೈತಾರೆ.

ಹೈಸ್ಕೂಲ್ ತಾಯಿ

ನಾನು ಟೀಚರ್ ಅಲ್ಲ, ದಾವಣಗೆರೆಲಿ ಇರೋದು, ಮಗ ಒಂಬತ್ತನೇ ಕ್ಲಾಸು ಪ್ರೈವೇಟ್ ಸ್ಕೂಲು. ಇಲ್ಲಿ ಮೊಳೆ ಮಣ್ಣು ಬಾಟ್ಲಿ ಅಂತ ಮಾತಾಡ್ತಿದೀರಿ, ನಮಗೆ ಚಟುವಟಿಕೆ ಅಂದ್ರೆ ರಾತ್ರಿ ಎಂಟಕ್ಕೆ ಡೈರಿಲಿ ಬರೋ ಒಂದು ಸಾಲು, "ನಾಳೆ ಮಾಡೆಲ್ ತರಬೇಕು". ಓಡಿ ಹೋಗಿ ಸ್ಟೇಷನರಿ ಅಂಗಡಿಲಿ ರೆಡಿಮೇಡ್ ಥರ್ಮಾಕೋಲ್ ಹೃದಯ ತರೋದು, ಅಂಗಡಿಯವರು ಕೇಳೋದೇ ಹಂಗೆ, ಹೃದಯನಾ ಕಿಡ್ನಿನಾ ಜ್ವಾಲಾಮುಖಿನಾ ಅಂತ. ಎಕ್ಸಿಬಿಷನ್ ದಿನ ಅಡುಗೆ ಸೋಡಾ ವಿನೆಗರ್ ಸುರಿದು ಕೆಂಪು ನೊರೆ ಬರ್ಸೋದು, ಫೋಟೋ, ಮುಗೀತು. ನನ್ನ ಮಗನ್ನ ಕೇಳಿದೆ ಜ್ವಾಲಾಮುಖಿಲಿ ವಿನೆಗರ್ ಎಲ್ಲಿಂದ ಬರತ್ತೋ ಅಂತ, ಅವನಿಗೂ ಗೊತ್ತಿಲ್ಲ ಪಾಪ. ಸರ್ ಮೇಡಂ ದಯವಿಟ್ಟು ಅಪ್ಪ ಅಮ್ಮಂದಿರಿಗೆ ಹೋಂವರ್ಕ್ ಕೊಡೋದು ನಿಲ್ಸಿ.

ಕೋಟೆ ಮೇಷ್ಟ್ರು

ತಾಯಿ, ನೂರಕ್ಕೆ ನೂರು. ಸೋಡಾ ನೊರೆಗೂ ಜ್ವಾಲಾಮುಖಿಗೂ ಸಂಬಂಧ ಇಲ್ಲ, ಅದು ಆಮ್ಲ ಪ್ರತ್ಯಾಮ್ಲದ ಕ್ರಿಯೆ. ಅದನ್ನ ಹಂಗಂತ ತೋರಿಸಿದ್ರೆ ಒಳ್ಳೇ ಪಾಠ, ಬಾಟ್ಲಿ ಬಾಯಿಗೆ ಬಲೂನ್ ಹಾಕಿ ಎಷ್ಟು ಸೋಡಾಗೆ ಎಷ್ಟು ಊದುತ್ತೆ ಅಂತ ಅಳೆಯೋಕೆ ಹೇಳಿ, ಒಂದು ಹಂತ ಆದ್ಮೇಲೆ ಸೋಡಾ ಎಷ್ಟು ಹಾಕಿದ್ರೂ ಬಲೂನ್ ದೊಡ್ಡದಾಗಲ್ಲ, ಯಾಕೆ ಅಂತ ಕೇಳಿ.

ಜ್ವಾಲಾಮುಖಿ ಬೇಕಾದ್ರೆ ಮಕ್ಕಳನ್ನ ಮರಡಿಹಳ್ಳಿಗೆ ಕರ್ಕೊಂಡು ಹೋಗಿ. ನಮ್ಮ ಜಿಲ್ಲೆಲೇ ಇದೆ, ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದಾರೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಲಾವಾ ಉಕ್ಕಿ, ತಣ್ಣೀರು ತಾಗಿದ ಕೂಡ್ಲೇ ಮೇಲಿನ ಪದರ ಗಟ್ಟಿಯಾಗಿ ಗುಂಡಗೆ ಉರುಳಿ ಒಂದರ ಮೇಲೊಂದು ಕೂತಿದೆ, ದಿಂಬು ಪೇರಿಸಿದ ಹಾಗೆ. ದಿಂಬು ಲಾವಾ ಅಂತಲೇ ಹೆಸರು. ಈ ಬರದ ನಾಡಲ್ಲಿ ಒಂದ್ಕಾಲಕ್ಕೆ ಅಷ್ಟು ನೀರಿತ್ತು ಅಂತ ಕಲ್ಲು ನೋಡಿ ಹೇಳ್ಬೋದು ಅಂದ್ರೆ ಮಕ್ಕಳು ನಂಬಲ್ಲ, ಹೇಗೆ ಹೇಳ್ತೀರಿ ಸಾರ್ ಅಂತ ಜಗಳಕ್ಕೇ ಬರ್ತಾರೆ. ಬರ್ಲಿ. ಕಲ್ಲು ಒಡೆದು ತರೋಕೆ ಮಾತ್ರ ಬಿಡಬೇಡಿ.

ಚಳ್ಳಕೆರೆ ಶೇಂಗಾ

ಲೇಟಾಗಿ ಬಂದೆ. ನಮ್ಮ ಹುಡುಗ್ರಿಗೆ ಚಂದ್ರಯಾನ ಅಂದ್ರೆ ಊರ ವಿಷ್ಯ ಕಣ್ರಿ. ಲ್ಯಾಂಡರ್ ಸೆನ್ಸರ್ ಪರೀಕ್ಷೆಗೆ ಇಸ್ರೋದವರು ಉಳ್ಳಾರ್ತಿ ಕಾವಲಲ್ಲಿ ಚಂದ್ರನ ಮೇಲಿರೋ ಥರ ಗುಂಡಿ ತೋಡ್ಸಿದ್ರು. 2023ರ ಏಪ್ರಿಲ್ 2ಕ್ಕೆ ರೆಕ್ಕೆ ಇರೋ ಮರುಬಳಕೆ ರಾಕೆಟ್ಟಿನ ಮಾದರಿನ ಚಿನೂಕ್ ಹೆಲಿಕಾಪ್ಟರಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ರು, ಅದು ತಾನೇ ಬಂದು ರನ್‌ವೇ ಮೇಲೆ ಇಳೀತು, ಇಲ್ಲೇ ನಮ್ಮ ತಾಲ್ಲೂಕಲ್ಲೇ. ಈ ಹೆಸರು ಹೇಳಿ ನಾನು ಎರಡು ಮಾಡಿಸ್ತೀನಿ.

ಒಂದು ಗುಂಡಿ. ಪರಾತದಲ್ಲಿ ಎರಡು ಮೂರು ಇಂಚು ಜರಡಿ ಹಿಡಿದ ಮರಳು, ಮೇಲೆ ತೆಳ್ಳಗೆ ರಂಗೋಲಿ ಪುಡಿ. ಗೋಲಿ 25 ಸೆಂಟಿಮೀಟರ್ ಎತ್ತರದಿಂದ ಬಿಡು, ಗುಂಡಿ ಅಗಲ ಅಳಿ, ಮತ್ತೆ 50, ಒಂದು ಮೀಟರ್, ಎರಡು ಮೀಟರ್. ರಂಗೋಲಿ ಚಿಮ್ಮಿ ಸುತ್ತ ಗೆರೆಗೆರೆ ಆಗಿರ್ತೈತೆ, ಹುಣ್ಣಿಮೆ ದಿನ ಚಂದ್ರನ ಮೇಲೆ ಟೈಕೋ ಗುಂಡಿ ಸುತ್ತ ಬೈನಾಕ್ಯುಲರಲ್ಲಿ ಕಾಣೋದೂ ಅಂಥ ಗೆರೆನೇ. ಎತ್ತರ ಡಬಲ್ ಆದ್ರೆ ಗುಂಡಿನೂ ಡಬಲ್ ಅಂತ ಎಲ್ರೂ ಬರೀತಾರೆ. ಆಗಲ್ಲ, ಸ್ವಲ್ಪನೇ ದೊಡ್ಡದಾಗ್ತೈತೆ. ಗುಂಡಿ ಡಬಲ್ ಆಗ್ಬೇಕು ಅಂದ್ರೆ ಎತ್ತರ ಹತ್ರ ಹತ್ರ 16 ಪಟ್ಟು ಬೇಕು, ಅಂದ್ರೆ 25 ಸೆಂಟಿಮೀಟರಿಗೆ ಹೋಲಿಸಿದ್ರೆ ನಾಲ್ಕು ಮೀಟರ್, ಮಹಡಿ ಮೇಲಿಂದ ಬಿಡಬೇಕು, ಕೆಳಗೆ ಯಾರೂ ಇಲ್ಲ ಅಂತ ನೋಡ್ಕೊಂಡು. ಒಂದೇ ಸಲ ಅಳೆದ್ರೆ ಲೆಕ್ಕ ಹೆಚ್ಚುಕಮ್ಮಿ ಬರ್ತೈತೆ, ಒಂದೊಂದು ಎತ್ತರಕ್ಕೂ ನಾಲ್ಕೈದು ಸಲ ಬಿಡ್ಸಿ ಸರಾಸರಿ ತೆಗೆಸಿ. ಗ್ರಾಫ್ ಶೀಟ್ ಮೇಲೆ ಸೊಟ್ಟ ಗೆರೆ ಬಂದಾಗ ಸರ್ ಇದು ತಪ್ಪಾಗೈತೆ ಅಂತ ಸ್ಕೇಲ್ ಇಟ್ಟು ನೆಟ್ಟಗೆ ಎಳೆಯೋಕೆ ಹೋಗ್ತಾರೆ, ಅಲ್ಲಿ ಕೈ ಹಿಡೀಬೇಕು.

ಇನ್ನೊಂದು ಇಳಿಸೋದು. ಎಲ್ಲಾ ಕಡೆ ಮೊಟ್ಟೆ ಕಟ್ಟಿ ಬಿಡ್ತಾರೆ, ನಮ್ಮಲ್ಲಿ ಬಿಸಿಯೂಟಕ್ಕೆ ಕೊಡೋ ಮೊಟ್ಟೆ ಒಡೆಯೋಕೆ ನನಗೆ ಮನಸ್ಸು ಬರಲ್ಲ. ಕರಿದ ಹಪ್ಪಳ! ಮೂರು ಹಾಳೆ ಪೇಪರು, ದಾರ, ಒಂದು ಪ್ಲಾಸ್ಟಿಕ್ ಕವರು, ಗೋಂದು, ಇಷ್ಟೇ ಸಾಮಾನು. ಮಹಡಿಯಿಂದ ಬಿಟ್ರೆ ಹಪ್ಪಳ ಒಡೀಬಾರ್ದು. ಗೆದ್ದೋರು ತಿಂತಾರೆ, ಸೋತೋರೂ ತಿಂತಾರೆ.

ಮಿಸ್, ಕುದಾಪುರದ ಐಐಎಸ್ಸಿ ಕ್ಯಾಂಪಸ್ಸಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡ್ತಾರೆ, ಕೈಯಲ್ಲೇ ಪ್ರಯೋಗ ಮಾಡಿಸ್ತಾರೆ. ಅತಿಥಿ ಶಿಕ್ಷಕರನ್ನ ಕಳಿಸ್ತಾರಾ ಅಂತ ನಿಮ್ಮ ಬಿಇಒ ಆಫೀಸಲ್ಲಿ ಒಂದ್ಸಲ ಕೇಳಿ.

ಬೆಣ್ಣೆದೋಸೆ ಅಭಿಮಾನಿ

ಇಷ್ಟೆಲ್ಲಾ ಯಾಕ್ರಿ, ದೋಸೆ ಹೋಟ್ಲಿಗೆ ಕರ್ಕೊಂಡು ಹೋಗ್ರಿ 😄 ಕಾವಲಿ ಸಿಕ್ಕಾಪಟ್ಟೆ ಕಾದಾಗ ನೀರು ಚಿಮುಕಿಸಿದ್ರೆ ಹನಿ ಚುಂಯ್ ಅಂತ ಆರಲ್ಲ, ಗುಂಡಗಾಗಿ ಕುಣಿತವೆ. ಸ್ವಲ್ಪ ಕಮ್ಮಿ ಕಾದಿದ್ರೆ ತಕ್ಷಣ ಆವಿ. ಜಾಸ್ತಿ ಕಾದ್ರೆ ಬೇಗ ಆರ್ಬೇಕಲ್ವಾ?

ಪಿಯು ಫಿಸಿಕ್ಸ್

ತಮಾಷೆಗೆ ಹೇಳಿದ್ರೂ ಒಳ್ಳೇ ಪ್ರಶ್ನೆ. ಹನಿ ಕೆಳಗೆ ಆವಿಯ ಒಂದು ಪದರ ಹುಟ್ಟಿ ಕಾವಲಿಗೂ ನೀರಿಗೂ ನಡುವೆ ತಡೆ ಆಗತ್ತೆ, ಶಾಖ ಸಲೀಸಾಗಿ ದಾಟಲ್ಲ. ಲೈಡನ್‌ಫ್ರಾಸ್ಟ್ ಪರಿಣಾಮ ಅಂತಾರೆ.

ಮಿಸ್, ನಿಮಗೆ ಸಾಮಾನೇ ಬೇಡದ ಒಂದು ಹೇಳ್ತೀನಿ. ಶೂನ್ಯ ನೆರಳು ದಿನ. ದಾವಣಗೆರೆ ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶ, ಚಿತ್ರದುರ್ಗ 14.2. ಸೂರ್ಯ ನಮ್ಮ ನೆತ್ತಿ ಮೇಲೆ ಸರಿಯಾಗಿ ಬರೋದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 28, 29ರ ಆಸುಪಾಸು ಮತ್ತೆ ಆಗಸ್ಟ್ 14ರ ಆಸುಪಾಸು. ಏಪ್ರಿಲ್‌ನಲ್ಲಿ ರಜೆ, ಆಗಸ್ಟ್‌ದು ಸ್ವಾತಂತ್ರ್ಯ ದಿನದ ಹಿಂದಿನ ದಿನ, ಮಕ್ಕಳು ಹೆಂಗಿದ್ರೂ ಡ್ರಿಲ್ಲಿಗೆ ಅಂತ ಗ್ರೌಂಡಲ್ಲೇ ಇರ್ತಾರೆ. ಹನ್ನೆರಡು ಗಂಟೆಗೆ ಹೋಗ್ಬೇಡಿ, ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು, ನಾವು ಅದಕ್ಕಿಂತ ಪಶ್ಚಿಮಕ್ಕೆ ಇದೀವಿ, ನಮ್ಮ ನಡುಮಧ್ಯಾಹ್ನ ಆಗೋದು ಅವತ್ತು ಸುಮಾರು ಹನ್ನೆರಡೂವರೆಗೆ. ಸ್ಟೀಲ್ ಲೋಟ ಬೋರಲು ಹಾಕಿದ್ರೆ ಸುತ್ತ ನೆರಳೇ ಇರಲ್ಲ. ಹನ್ನೆರಡಕ್ಕೇ ಆಗ್ಬೇಕಿತ್ತಲ್ಲ, ಯಾಕೆ ಅರ್ಧ ಗಂಟೆ ತಡ ಅಂತ ಮೊದ್ಲು ಅವರೇ ತಲೆ ಕೆಡಿಸ್ಕೊಳ್ಳಲಿ.

ಅವತ್ತೇ ಇನ್ನೂ ದೊಡ್ಡದೊಂದು ಮಾಡ್ಬೋದು. ಬೀದರ್ ಸುಮಾರು 17.9 ಡಿಗ್ರಿ, ಚಾಮರಾಜನಗರ 11.9, ಎರಡೂ ಹೆಚ್ಚುಕಮ್ಮಿ ಒಂದೇ ರೇಖಾಂಶ. ಅವತ್ತು ಮಧ್ಯಾಹ್ನ ಒಂದು ಮೀಟರ್ ಕೋಲಿಗೆ ಬೀದರಲ್ಲಿ ಆರೇಳು ಸೆಂಟಿಮೀಟರ್ ನೆರಳು ಉತ್ತರಕ್ಕೆ ಬೀಳತ್ತೆ, ಚಾಮರಾಜನಗರದಲ್ಲಿ ನಾಲ್ಕು ಚಿಲ್ಲರೆ ಸೆಂಟಿಮೀಟರ್ ದಕ್ಷಿಣಕ್ಕೆ, ನಡುವೆ ನಮಗೆ ಇಲ್ಲವೇ ಇಲ್ಲ. ನೆರಳಿಂದ ಕೋನ ತೆಗೆದು ಕೂಡಿದ್ರೆ ಸುಮಾರು 6 ಡಿಗ್ರಿ. ಆ ಎರಡು ಊರಿನ ನಡುವೆ ಉತ್ತರ ದಕ್ಷಿಣ ನೇರ ದೂರ ಸುಮಾರು 663 ಕಿಲೋಮೀಟರ್, ಬಸ್ಸಿನ ದೂರ ಅಲ್ಲ. 360ರಲ್ಲಿ 6 ಅಂದ್ರೆ 60ರಲ್ಲಿ ಒಂದು ಪಾಲು, 663 ಇಂಟು 60, ಭೂಮಿ ಸುತ್ತಳತೆ 39,780 ಬಂತು. ನಿಜವಾದ್ದು ಸುಮಾರು 40,000. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಪಂಡಿತ ಎರಟೋಸ್ತನೀಸ್ ಈಜಿಪ್ಟಲ್ಲಿ ಇದನ್ನೇ ಮಾಡಿದ್ದು, ಅವನ ಹತ್ರ ವಾಟ್ಸಾಪ್ ಇರ್ಲಿಲ್ಲ ಅಷ್ಟೆ.

ಜಗಳೂರು ರೋಡ್ ಮಿಸ್

ಎಲ್ರಿಗೂ ತುಂಬಾ ಥ್ಯಾಂಕ್ಸ್, ಎಲ್ಲಾ ಬರ್ಕೊಂಡೆ. ಒಂದೇ ಉಳಿದಿದ್ದು, 48 ಜನನ್ನ ಹೆಂಗೆ ಹಿಡಿಯೋದು? ಗುಂಪು ಮಾಡಿದ್ರೆ ನಾಲ್ಕು ಜನ ಮಾಡ್ತಾರೆ, ಉಳಿದವರು ಕಿಟಕಿ ನೋಡ್ತಾರೆ.

ಕೋಟೆ ಮೇಷ್ಟ್ರು

ಆರಾರು ಜನದ ಎಂಟು ಗುಂಪು, ಅದಕ್ಕಿಂತ ದೊಡ್ಡದು ಬೇಡ. ಗುಂಪಿಗೊಂದು ಸ್ಟೀಲ್ ತಟ್ಟೆ, ಬೇಕಾದ ಸಾಮಾನೆಲ್ಲಾ ಬೆಳಿಗ್ಗೆ ಪ್ರೇಯರ್‌ಗೂ ಮುಂಚೆ ಅದರಲ್ಲಿ ಜೋಡಿಸಿಟ್ಟಿರ್ಬೇಕು, ಕ್ಲಾಸಲ್ಲಿ ಹಂಚೋಕೆ ಕೂತ್ರೆ ಸಿಲಬಸ್ ಸರ್ ಹೇಳಿದ ಹತ್ತು ನಿಮಿಷ ಅಲ್ಲೇ ಹೋಯ್ತು. ಸಾಮಾನು ತರೋಕೆ ಒಬ್ರು, ಮಾಡೋಕೆ ಇಬ್ರು, ಅಳೆಯೋಕೆ ಒಬ್ರು, ಬರೆಯೋಕೆ ಒಬ್ರು, ಎದ್ದು ನಿಂತು ಹೇಳೋಕೆ ಒಬ್ರು. ಈ ಕೆಲಸ ಪ್ರತಿ ಸಲ ಬದಲಾಗ್ಬೇಕು, ಇದನ್ನ ಮಾತ್ರ ಬಿಡಬೇಡಿ. ಬಿಟ್ರೆ ಏನಾಗುತ್ತೆ ಅಂದ್ರೆ ಗಂಡುಮಕ್ಕಳು ಮಾಡೋದು, ಹೆಣ್ಣುಮಕ್ಕಳು ಅಕ್ಷರ ಚೆನ್ನಾಗಿದೆ ಅಂತ ವರ್ಷಪೂರ್ತಿ ಬರೆಯೋದು, ಕೊನೆಗೆ ತಟ್ಟೆ ತೊಳೆಯೋದೂ ಅವರೇ. ಹೇಳೋರು ಯಾರು ಅಂತ ಕೊನೇ ಗಳಿಗೇಲಿ ನೀವು ಆರಿಸಿ, ಆಗ ಎಲ್ರೂ ನೋಡ್ತಿರ್ತಾರೆ. ಕೈಕೆಲಸ ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ಮುಗಿದಿಲ್ಲ ಅಂದ್ರೂ ನಿಲ್ಲಿಸಿ, ಮಾತಾಡೋಕೆ ಟೈಮ್ ಬೇಕು. ವಾರಕ್ಕೆ ಒಂದು ಸಾಕು, ದಿನಾ ಮಾಡ್ತೀನಿ ಅಂತ ಹೊರಟ್ರೆ ದಸರಾ ರಜೆ ಹೊತ್ತಿಗೆ ಸುಸ್ತಾಗ್ತೀರಿ.

ಸಿಲಬಸ್ ಮೊದ್ಲು

ಪಕ್ಕದ ಕ್ಲಾಸಿನ ಮೇಷ್ಟ್ರಿಗೆ ಮೊದ್ಲೇ ಒಂದು ಮಾತು ಹೇಳಿಡ್ರಿ ಮಿಸ್. ಅದು ಅನುಭವದ ಮಾತು. ಯೂನಿಟ್ ಟೆಸ್ಟಿಗೆ ಮೂರು ಬತ್ತಿ ಪ್ರಶ್ನೆ ಹಾಕ್ತಿದೀನಿ, ನೋಡೋಣ.

ಜಗಳೂರು ರೋಡ್ ಮಿಸ್

ಸೋಮವಾರ ಮಣ್ಣು ತರೋಕೆ ಹೇಳ್ತೀನಿ, ನಮ್ಮಲ್ಲಿ ಎರಡೂ ಥರದ್ದು ಸಿಗತ್ತೆ. ಮೈಲುತುತ್ತ ಆಮೇಲೆ, ಎಚ್ಎಂ ಹತ್ರ ಕೇಳಿ. ಆಗಸ್ಟ್ 14ಕ್ಕೆ ಬೀದರ್ ಕಡೆ, ಚಾಮರಾಜನಗರ ಕಡೆ ಯಾರಾದ್ರೂ ಟೀಚರ್ಸ್ ಪರಿಚಯ ಇದ್ರೆ ತಿಳಿಸಿ ಪ್ಲೀಸ್.

ಎರೆಭೂಮಿ

ನಮ್ಮ ಬಿಎಡ್ ಬ್ಯಾಚಿನೋರು ಒಬ್ರು ಔರಾದಲ್ಲಿ ಅದಾರೆ, ಕೇಳಿ ಹೇಳ್ತೀನಿ. ಔರಾದ್ ಬೀದರಿಗಿಂತ ಇನ್ನೂ ಮೇಲೆ, ಅಕ್ಷಾಂಶ ದೂರ ಎರಡೂ ಅದಕ್ಕೆ ತಕ್ಕಂಗೆ ಹಾಕ್ಕೊಳ್ರಿ. ಮೋಡ ಒಂದು ಅಡ್ಡ ಬರದಿದ್ರೆ ಆತು, ಆಗಸ್ಟ್ ನೋಡ್ರಿ, 13, 14, 15 ಮೂರು ದಿನನೂ ಕೋಲು ನೆಟ್ಟಿಡ್ರಿ, ಒಂದಿನ ಆದ್ರೂ ಬಿಸಿಲು ಸಿಗ್ತತೆ. ಚಾಮರಾಜನಗರದೋರು ಯಾರಾದ್ರೂ ಇದ್ರೆ ಕೆಳಗೆ ಬರೀರಿ.